ಕಿರಾಯಿ ಮನೆಯವರ ಹಬ್ಬಕ್ಕೆ ಸಂಘದ ಅಪ್ಪಣೆ ಬೇಕೇ?

ಪ್ರಶ್ನೆ: ನಮ್ಮದು ಕಲಬುರಗಿಯ ಸೇಡಂ ರಸ್ತೆ ಕಡೆಯ ಬಡಾವಣೆ. ನಾನು ನಿವಾಸಿಗಳ ಸಂಘದ ಕಾರ್ಯದರ್ಶಿ. ಅರ್ಧಕ್ಕರ್ಧ ಮನೆಗಳಲ್ಲಿ ಕಿರಾಯಿಯವರೇ ಇದ್ದಾರೆ. ಆಸ್ಪತ್ರೆ ಕೆಲಸಕ್ಕೆಂದು ಬಂದ ಕ್ರೈಸ್ತ ಕುಟುಂಬವೊಂದು ಈ ಡಿಸೆಂಬರಿನಲ್ಲಿ ಬಾಲ್ಕನಿಗೆ ನಕ್ಷತ್ರ ಕಟ್ಟಿದೆ. ಸಂಘ ಇದನ್ನು ತಡೆಯಬೇಕು ಎಂದು ಇಬ್ಬರು ಸದಸ್ಯರು ಪಟ್ಟು ಹಿಡಿದಿದ್ದಾರೆ. ಇನ್ನೊಂದು ಮನೆಯವರು ಗಣಪತಿ ಪಟ್ಟಿ (ಚಂದಾ) ಕೊಡಲಿಲ್ಲ ಎಂಬ ಸಿಟ್ಟು ಇನ್ನೂ ಹೋಗಿಲ್ಲ. ಮುಂದಿನ ಸಭೆಗೆ ಮೂರು ಠರಾವು ಬಂದಿವೆ. ಒಂದು, ಸಂಘದ ಎನ್‌ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ಇಲ್ಲದೆ ಮಾಲಕರು ಯಾರಿಗೂ ಮನೆ ಕೊಡಬಾರದು. ಎರಡು, ಪಟ್ಟಿ ಕೊಡದವರಿಗೆ ಸಂಘದ ಬೋರ್‌ವೆಲ್ ನೀರು ಬಂದ್. ಮೂರು, ಮನೆ ಹೊರಗೆ ‘ನಮ್ಮ’ ಹಬ್ಬಗಳ ಅಲಂಕಾರ ಮಾತ್ರ. ಅಮೆರಿಕದಲ್ಲಿರುವ ನನ್ನ ತಮ್ಮ, ‘ಇಲ್ಲಿ ಹಿಂಗ ಮಾಡಿದ್ರ ಕೇಸ್ ಆಗ್ತದ’ ಅಂದ. ನಮ್ಮಲ್ಲೂ ಅಂಥ ಕಾನೂನು ಇದೆಯೇ? ಸಭೆಯಲ್ಲಿ ಏನು ಹೇಳಲಿ?

ಉತ್ತರ: ಮೂರನ್ನೂ ಪಾಸು ಮಾಡಬೇಡಿ. ಮೊದಲನೆಯದಕ್ಕೆ ಸಂಘಕ್ಕೆ ಅಧಿಕಾರವೇ ಇಲ್ಲ. ಎರಡನೆಯದು ನೇರವಾಗಿ ಪೊಲೀಸ್ ಠಾಣೆಗೆ ಹೋಗುವ ದಾರಿ. ಮೂರನೆಯದರಿಂದ ಜಗಳ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಆದರೆ ಇಷ್ಟೇ ಹೇಳಿ ಕೂತರೆ ಸಭೆಯಲ್ಲಿ ಯಾರೂ ಒಪ್ಪುವುದಿಲ್ಲ, ಅಲ್ವಾ? ಅದಕ್ಕೇ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ತಮ್ಮನ ಮಾತು. ಅದು ನಿಜ, ಆದರೆ ಪೂರ್ತಿ ನಿಜ ಅಲ್ಲ. ಅಮೆರಿಕದ ಫೇರ್ ಹೌಸಿಂಗ್ ಕಾಯ್ದೆಗೆ ಅಧ್ಯಕ್ಷರ ಸಹಿ ಬಿದ್ದದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಮನೆ ಇಲ್ಲ ಎನ್ನುವಂತಿಲ್ಲ ಎಂದು ಆ ಕಾಯ್ದೆ ಹೇಳಿತು. 1974ರಲ್ಲಿ ಲಿಂಗವೂ, 1988ರಲ್ಲಿ ಅಂಗವೈಕಲ್ಯ ಮತ್ತು ಮಕ್ಕಳಿರುವ ಕುಟುಂಬವೂ ಸೇರಿದವು. ಆದರೆ ಅಲ್ಲೂ ಒಂದು ಕಿಂಡಿ ಬಿಟ್ಟಿದ್ದಾರೆ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳಿರುವ ಕಟ್ಟಡದಲ್ಲಿ ಮಾಲಕರೂ ಇದ್ದರೆ, ಆ ಕಾಯ್ದೆಯ ಹೆಚ್ಚಿನ ನಿಯಮಗಳು ಅವರಿಗೆ ತಾಗುವುದಿಲ್ಲ. ಜಾಹೀರಾತಿನಲ್ಲಿ ಮಾತ್ರ ‘ಇಂಥವರಿಗೆ ಕೊಡುವುದಿಲ್ಲ’ ಎಂದು ಹಾಕುವಂತಿಲ್ಲ. ಕೆಳಗೆ ಮಾಲಕರು, ಮೇಲೆ ಕಿರಾಯಿ. ನಮ್ಮೂರಿನ ಬಡಾವಣೆಗಳಲ್ಲಿ ಎಲ್ಲಿ ನೋಡಿದರೂ ಇದೇ ಕಥೆ ತಾನೆ?

ಇನ್ನೊಂದು ವಿಷಯ ನಿಮ್ಮ ನಕ್ಷತ್ರಕ್ಕೆ ಹತ್ತಿರದ್ದು. ಮನೆ ಬಾಡಿಗೆಯ ಜಾಹೀರಾತಿನಲ್ಲಿ ಕ್ರಿಸ್‌ಮಸ್ ಶುಭಾಶಯ ಹಾಕಿದರೆ ಅದು ಬೇರೆ ಧರ್ಮದವರನ್ನು ದೂರ ಇಟ್ಟಂತೆ ಆಗುತ್ತದೆಯೇ ಎಂಬ ಗೊಂದಲ ಅಲ್ಲಿ ಎದ್ದಿತ್ತು. 1995ರಲ್ಲಿ ಅಲ್ಲಿನ ವಸತಿ ಇಲಾಖೆ ಅದಕ್ಕೆ ತೆರೆ ಎಳೆಯಿತು. ಹಬ್ಬದ ಶುಭಾಶಯ, ಸಾಂತಾ ಕ್ಲಾಸ್ ಚಿತ್ರ ಇವೆಲ್ಲ ತಾರತಮ್ಯ ಅಲ್ಲ ಎಂದಿತು. ಅಷ್ಟು ಬಿಗಿ ಕಾನೂನಿರುವ ದೇಶದಲ್ಲೇ ಹಬ್ಬದ ಗುರುತನ್ನು ತಪ್ಪೆಂದು ಎಣಿಸಲಿಲ್ಲ.

ಈಗ ನಮ್ಮ ಕಥೆ. ಖಾಸಗಿ ಮಾಲಕರು ಧರ್ಮ ನೋಡಿ, ಊಟ ನೋಡಿ, ಮದುವೆ ಆಗಿಲ್ಲ ಎಂದು ಮನೆ ನಿರಾಕರಿಸಿದರೆ ಅದಕ್ಕೆಂದೇ ಮಾಡಿದ ಒಂದು ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದ 15ನೇ ವಿಧಿ ತಾರತಮ್ಯ ಮಾಡಬೇಡ ಎನ್ನುವುದು ಮುಖ್ಯವಾಗಿ ಸರ್ಕಾರಕ್ಕೆ. ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆಗಳ ಮಟ್ಟಿಗೆ ಖಾಸಗಿಯವರಿಗೂ ಅದು ಅನ್ವಯಿಸುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದರ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂತು. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಬೈಲಾವನ್ನು ಕೋರ್ಟ್ ಎತ್ತಿಹಿಡಿಯಿತು. ನಿಮ್ಮ ಸಭೆಯಲ್ಲಿ ಯಾರಾದರೂ ಇದನ್ನೇ ತಂದು ಮುಂದಿಟ್ಟಾರು. ಆಗ ಒಂದು ಮಾತು ಹೇಳಿ: ಅದು ಸಹಕಾರ ಸಂಘದ ಸದಸ್ಯತ್ವದ ಪ್ರಶ್ನೆ. ಸೈಟು, ಮನೆ ಎಲ್ಲ ಬೇರೆಯವರ ಹೆಸರಲ್ಲಿದ್ದು, ಬರೀ ಬೀದಿ ದೀಪ, ನೀರು ನೋಡಿಕೊಳ್ಳುವ ಸಂಘಕ್ಕೆ ಅದರಿಂದ ಯಾವ ಬಲವೂ ಬರುವುದಿಲ್ಲ.

ಹಾಗಂತ ಕಾನೂನು ಪೂರ್ತಿ ಕೈಕಟ್ಟಿ ಕೂತಿಲ್ಲ. ಜಾತಿ ವಿಷಯಕ್ಕೆ ಬಂದರೆ ಅದಕ್ಕೆ ಹಲ್ಲಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಓದಿಸಿ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಓಣಿಯಲ್ಲಿ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ವಾಸ ಮಾಡುವುದಕ್ಕೆ ಅಡ್ಡಿ ಮಾಡಿದರೆ ಅಪರಾಧ. ಮೆರವಣಿಗೆಯಲ್ಲಿ ಸೇರದಂತೆ ತಡೆದರೂ ಅಪರಾಧ. ಒಂದರಿಂದ ಆರು ತಿಂಗಳ ಜೈಲು. ಇನ್ನೂ ಬಿಗಿಯಾದದ್ದು 1989ರ ದೌರ್ಜನ್ಯ ತಡೆ ಕಾಯ್ದೆ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಅದಕ್ಕೆ ಸಾಮಾಜಿಕ ಮತ್ತು ಆರ್ಥಿಕ ಬಹಿಷ್ಕಾರವನ್ನೂ ಸೇರಿಸಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಬಹಿಷ್ಕಾರ ಹಾಕಿದರೆ ಮಾತ್ರವಲ್ಲ, ಹಾಕುತ್ತೇವೆ ಎಂದು ಹೆದರಿಸಿದರೂ ಆರು ತಿಂಗಳಿಂದ ಐದು ವರ್ಷ. ನಿರೀಕ್ಷಣಾ ಜಾಮೀನು ಸಿಗುವುದೂ ಕಷ್ಟ.

ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆಯಲ್ಲಿ, ಎಚ್‌ಐವಿ ಇರುವವರಿಗೆ 2017ರ ಕಾಯ್ದೆಯಲ್ಲಿ ಬಾಡಿಗೆ ಮನೆಯ ಮಾತನ್ನೇ ಹೆಸರಿಟ್ಟು ಬರೆದಿದ್ದಾರೆ. ವಾಸ ಮಾಡಲು, ಕೊಳ್ಳಲು, ಬಾಡಿಗೆಗೆ ಪಡೆಯಲು ಇವರನ್ನು ಬೇರೆಯಾಗಿ ನೋಡುವಂತಿಲ್ಲ. ಮುಸ್ಲಿಮರಿಗೆ, ಕ್ರೈಸ್ತರಿಗೆ, ಒಂಟಿ ಹೆಣ್ಣುಮಕ್ಕಳಿಗೆ, ವಿದ್ಯಾರ್ಥಿಗಳಿಗೆ ಇಷ್ಟು ನೇರವಾದ ರಕ್ಷಣೆ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇದು ನಮ್ಮ ಕಾನೂನಿನ ದೊಡ್ಡ ತೂತು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಇಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಎಲ್ಲೆಲ್ಲಿಂದಲೋ ಬರುವ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಕಿರಾಯಿ ಎಷ್ಟು ಅನ್ನುವುದಕ್ಕೂ ಮುಂಚೆ ಅವರಿಗೆ ಎದುರಾಗುವ ಪ್ರಶ್ನೆ ‘ನೀವ್ ಯಾರ ಪೈಕ್ರಿ?’ ಎಂಬುದು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಎಷ್ಟೋ ಸಲ ಇದೇ ಪ್ರಶ್ನೆಯನ್ನು ಮೆಲ್ಲಗೆ ಕೇಳುವ ಉಪಾಯ. ಮನೆಯಲ್ಲಿ ಮಾಂಸ ಬೇಯಿಸಬಾರದು ಎಂದು ಮಾಲಕರು ಕರಾರಿನಲ್ಲಿ ಬರೆಸಬಹುದು, ಅದಕ್ಕೆ ಅಡ್ಡಿ ಇಲ್ಲ. ಆದರೆ ಒಬ್ಬರಿಗೆ ಬಾಯಲ್ಲಿ ಬಿಟ್ಟುಕೊಟ್ಟು ಇನ್ನೊಬ್ಬರಿಗೆ ಬಾಗಿಲು ಹಾಕಿದರೆ ಅಸಲಿ ಕಾರಣ ಏನೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಈಗ ಎನ್‌ಒಸಿ ಠರಾವಿಗೆ ಬರೋಣ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಆದ ಸಂಘ ಇರಬೇಕು, ಬಡಾವಣೆ ಸಂಘಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ಅದರ ಬೈಲಾ ಕಟ್ಟಿಹಾಕುವುದು ಸದಸ್ಯರನ್ನು, ಅದೂ ಸಂಘದ ಕೆಲಸದ ಮಟ್ಟಿಗೆ. ತನ್ನ ಮನೆಯನ್ನು ಬಾಡಿಗೆಗೆ ಕೊಡುವುದು ಮಾಲಕರ ಹಕ್ಕು. ಅದಕ್ಕೆ ಸಂಘದ ಸೀಲು ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸುರಕ್ಷತೆ ಎಂಬ ನೆಪ ಬಂದರೆ ಉತ್ತರ ಸುಲಭ: ಬಾಡಿಗೆದಾರರ ಗುರುತು ಪರಿಶೀಲನೆ ಪೊಲೀಸರ ಕೆಲಸ. ಮಾಲಕರು ಆಧಾರ್ ಪ್ರತಿ ತೆಗೆದುಕೊಂಡು ಠಾಣೆಗೆ ಮಾಹಿತಿ ಕೊಡಲಿ. ಆದರೆ ಎಲ್ಲ ಬಾಡಿಗೆದಾರರದ್ದೂ ಕೊಡಲಿ. ಕೆಲವು ಹೆಸರು ಕಂಡಾಗ ಮಾತ್ರ ‘ವೆರಿಫಿಕೇಶನ್’ ನೆನಪಾಗುವುದು ಸರಿಯಲ್ಲ.

ಇಲ್ಲಿ ಕಾರ್ಯದರ್ಶಿಯಾಗಿ ನೀವು ಜಾಸ್ತಿ ಹುಷಾರಾಗಿರಬೇಕು. ಠರಾವು ಪುಸ್ತಕದಲ್ಲಿ ಏನು ಬರೆಯುತ್ತೀರೋ ಅದೇ ನಾಳೆ ಸಾಕ್ಷಿ. ಸೂಚಿಸಿದವರು, ಅನುಮೋದಿಸಿದವರು, ಕೆಳಗೆ ಸಹಿ ಹಾಕಿದ ಕಾರ್ಯದರ್ಶಿ, ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿ ಸಾಲಾಗಿ ಸಿಗುತ್ತವೆ. ಎನ್‌ಒಸಿ ನಿರಾಕರಿಸಿದ ಮೊದಲ ಕುಟುಂಬ ಪರಿಶಿಷ್ಟ ಜಾತಿಯದ್ದಾದರೆ ತನಿಖೆಗೆ ಡಿವೈಎಸ್‌ಪಿ ಮಟ್ಟದ ಅಧಿಕಾರಿ ಬರುತ್ತಾರೆ. ಅವರು ಮೊದಲು ಕೇಳುವುದು ಆ ಪುಸ್ತಕವನ್ನೇ. ವಾಟ್ಸ್‌ಆ್ಯಪ್ ಗ್ರೂಪಿಗೂ ಇದೇ ಮಾತು. ‘ಅವರಿಗೆ ಯಾರೂ ಮನೆ ಕೊಡಬ್ಯಾಡ್ರಿ’ ಎಂದು ಒಂದು ಧರ್ಮದ ಹೆಸರು ಹಿಡಿದು ಬರೆದರೆ, ಭಾರತೀಯ ನ್ಯಾಯ ಸಂಹಿತೆಯ 197ನೇ ಕಲಮಿನ ಬಳಿ ಹೋಗಿ ನಿಂತ ಹಾಗೆ. ಒಂದು ವರ್ಗದ ಜನರಿಗೆ ಅವರ ಧರ್ಮದ ಕಾರಣಕ್ಕೆ ನಾಗರಿಕ ಹಕ್ಕು ಸಿಗಬಾರದು ಎಂದು ಪ್ರಚಾರ ಮಾಡುವುದು ಆ ಕಲಮಿನ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು. ದೇಶದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ ಎಂಬುದನ್ನೂ ಮರೆಯಬೇಡಿ. ಗ್ರೂಪಿನ ಅಡ್ಮಿನ್ ನೀವೇ ಆಗಿದ್ದರೆ ಅಂಥ ಮೆಸೇಜು ಕಂಡ ತಕ್ಷಣ ತೆಗೆದುಬಿಡಿ. ನೋಡಿಯೂ ನೋಡದಂತೆ ಇರಬೇಡಿ.

ಪಟ್ಟಿಯ ವಿಷಯ. ಪಟ್ಟಿ ಎಂದರೆ ಕೈಯಾರೆ ಕೊಡುವ ದುಡ್ಡು. ತೆರಿಗೆ ಅಲ್ಲ. ಪುಸ್ತಕ ತೆರೆದು ‘ನೋಡ್ರಿ, ಎದುರು ಮನಿಯವರು ಸಾವಿರ ಕೊಟ್ಟಾರ’ ಎಂದು ತೋರಿಸಿ ನಾಚಿಕೆ ಹುಟ್ಟಿಸುವುದು ಹಳೆಯ ಕಲೆ. ಅಲ್ಲಿಯವರೆಗೆ ಹೇಗೋ ನಡೆಯುತ್ತದೆ. ನೀರು ಬಂದ್ ಮಾಡುತ್ತೇವೆ ಎಂದರೆ ಮಾತೇ ಬೇರೆ. ಹೆದರಿಸಿ ದುಡ್ಡು ಕೀಳುವುದಕ್ಕೆ ನ್ಯಾಯ ಸಂಹಿತೆಯಲ್ಲಿ 308ನೇ ಕಲಂ ಇದೆ, ಬೆದರಿಕೆಗೆ 351 ಇದೆ. ಬೋರ್‌ವೆಲ್ ಖರ್ಚು ತಿಂಗಳ ಮೆಂಟೆನೆನ್ಸ್‌ನಿಂದ ಬರುತ್ತದೆ. ಆ ಮನೆಯವರು ಅದನ್ನು ಕಟ್ಟಿದ್ದರೆ ನೀರು ಅವರ ಹಕ್ಕು. ಗಣಪತಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ದುಡ್ಡನ್ನು ಎರಡು ಲೆಕ್ಕದಲ್ಲಿ ಇಡಿ. ರಸೀದಿ ಪುಸ್ತಕವೂ ಬೇರೆ ಇರಲಿ. ಹಬ್ಬ ಮುಗಿದ ಮೇಲೆ ಪೆಂಡಾಲಿಗೆಷ್ಟು, ಲೈಟಿಗೆಷ್ಟು, ಪ್ರಸಾದಕ್ಕೆಷ್ಟು ಎಂದು ನೋಟಿಸ್ ಬೋರ್ಡಿಗೆ ಹಚ್ಚಿ. ಪಟ್ಟಿ ಕೊಡದವರಲ್ಲಿ ಎಷ್ಟೋ ಮಂದಿಗೆ ದೇವರ ಮೇಲೆ ತಕರಾರು ಇರುವುದಿಲ್ಲ. ಹೋದ ವರ್ಷದ ಲೆಕ್ಕ ಕಾಣಲಿಲ್ಲ ಎಂಬುದೇ ಅವರ ತಕರಾರು.

ಪಟ್ಟಿ ಕೊಡದವರನ್ನು ಖಾಲಿ ಮಾಡಿಸಿ ಎಂದು ಮಾಲಕರ ಕಿವಿ ಊದುವವರೂ ಇರುತ್ತಾರೆ. ಅದು ಹೇಳಿದಷ್ಟು ಸಲೀಸಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಸಣ್ಣ ಬಾಡಿಗೆಗಳಿಗೆ ಮಾತ್ರ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಎಂಬ ಹಳೆಯ ಮಿತಿ ಅದಕ್ಕಿದೆ. ಇವತ್ತಿನ ಬಹುಪಾಲು ಮನೆಗಳು ಅದರ ಹೊರಗೆ ಉಳಿದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ. ಕರಾರಿನಲ್ಲಿ ಬೇರೆ ಅವಧಿ ಬರೆದಿರದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನದ ಲಿಖಿತ ನೋಟಿಸು ಬೇಕು. ನೋಟಿಸು ಮುಗಿದರೂ ಬಾಡಿಗೆದಾರರು ಹೋಗದಿದ್ದರೆ ಮಾಲಕರು ಕೋರ್ಟಿಗೆ ಹೋಗಬೇಕು. ಬೀಗ ಒಡೆದು ಸಾಮಾನು ಹೊರಗಿಟ್ಟರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿ ಬಾಡಿಗೆದಾರರು ಆರು ತಿಂಗಳ ಒಳಗೆ ದಾವೆ ಹೂಡಿ ಸ್ವಾಧೀನ ವಾಪಸು ಪಡೆಯಬಹುದು. ಮನೆ ಯಾರದ್ದು ಎಂಬ ಪ್ರಶ್ನೆಯನ್ನೇ ಆ ದಾವೆಯಲ್ಲಿ ಕೋರ್ಟ್ ಕೇಳುವುದಿಲ್ಲ, ಕಾನೂನು ಬಿಟ್ಟು ಹೊರಹಾಕಿದರೇ ಎಂಬುದನ್ನಷ್ಟೇ ನೋಡುತ್ತದೆ. ಕರೆಂಟು ತೆಗೆಸುವ ಉಪಾಯವೂ ನಡೆಯದು. 2003ರ ವಿದ್ಯುತ್ ಕಾಯ್ದೆಯಲ್ಲಿ ಮಾಲಕರಂತೆ ಮನೆಯಲ್ಲಿ ವಾಸ ಇರುವವರೂ ಸಂಪರ್ಕ ಕೇಳಬಹುದು, ಕೊಡಬೇಕಾದದ್ದು ಇಲ್ಲಿನ ವಿದ್ಯುತ್ ಕಂಪನಿ ಜೆಸ್ಕಾಂ ಹೊಣೆ.

ಹಬ್ಬದ ದಿನಗಳಲ್ಲಿ ಇನ್ನೊಂದು ತಕರಾರು ತುಂಬಾ ಬರುತ್ತದೆ. ದೀಪಾವಳಿಗೋ ಎಳ್ಳ ಅಮಾವಾಸ್ಯೆಗೋ ಬಾಡಿಗೆದಾರರು ಬೀದರ್, ಯಾದಗಿರಿ ಕಡೆಯ ತಮ್ಮ ಊರಿಗೆ ಹೋಗಿರುತ್ತಾರೆ. ಮಾಲಕರ ಮನೆಗೆ ಬೀಗರು ಬರುತ್ತಾರೆ. ‘ಹೆಂಗೂ ಖಾಲಿ ಅದಲ್ಲ’ ಎಂದು ಡುಪ್ಲಿಕೇಟ್ ಕೀಲಿ ತೆಗೆದು ಅವರನ್ನು ಅಲ್ಲೇ ಮಲಗಿಸುತ್ತಾರೆ. ಬಾಡಿಗೆ ಕಟ್ಟುತ್ತಿರುವವರೆಗೆ ಮನೆ ಬಾಡಿಗೆದಾರರ ವಶದಲ್ಲಿದೆ, ಅವರು ಇಲ್ಲದಾಗಲೂ. ಕೇಳದೆ ಒಳಹೋಗುವ ಹಕ್ಕು ಮಾಲಕರಿಗಿಲ್ಲ. ಫೋನ್ ಮಾಡಿ ಕೇಳಿದರೆ ಬೇಡ ಎನ್ನುವವರು ಕಡಿಮೆ.

ನಕ್ಷತ್ರಕ್ಕೆ ಬರೋಣ. ಅವರ ಬಾಲ್ಕನಿ, ಅವರ ಕರೆಂಟು. ಮಾಲಕರಿಗೆ ತಕರಾರು ಇಲ್ಲದಿದ್ದರೆ ಸಂಘಕ್ಕೆ ಅಲ್ಲಿ ಕೆಲಸವಿಲ್ಲ. ಅಷ್ಟೇ.

ಆದರೆ ‘ನಮ್ಮ ಹಬ್ಬ ಮಾತ್ರ’ ಎಂಬ ಠರಾವು ಹಿಂದಕ್ಕೆ ಹೋಗಬೇಕಾದರೆ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಆ ಹಬ್ಬಗಳ ಹೆಸರು ಬರೆಯುವವರು ಯಾರು? ಈ ಊರಲ್ಲಿ ಶರಣಬಸವೇಶ್ವರರ ಜಾತ್ರೆಗೆ ಹೋಗುವವರೇ ಬಂದೇನವಾಜರ ಉರುಸಿಗೂ ಹೋಗುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಮೊಹರಂ ಅಲಾಯಿ ಕುಣಿಗೆ ಎಲ್ಲ ಮನೆಯವರೂ ಬರುತ್ತಾರೆ. ವಿಜಯದಶಮಿ ದಿನ ಒಬ್ಬರು ಬನ್ನಿ ಹಂಚುತ್ತಾರೆ. ಅಂಬೇಡ್ಕರ್ 1956ರಲ್ಲಿ ದೀಕ್ಷೆ ತೆಗೆದುಕೊಂಡದ್ದು ವಿಜಯದಶಮಿಯ ದಿನವೇ ಎಂದು ಇನ್ನೊಬ್ಬರು ಬುದ್ಧ ವಿಹಾರಕ್ಕೆ ಹೋಗುತ್ತಾರೆ. ಏಪ್ರಿಲ್ 14ಕ್ಕೆ ನೀಲಿ ಬಾವುಟ ಕಟ್ಟುವ ಮನೆ ನಿಮ್ಮ ಬಡಾವಣೆಯಲ್ಲೂ ಇರುತ್ತದೆ. ಇದರಲ್ಲಿ ಯಾವುದನ್ನು ಬರೆಯುತ್ತೀರಿ, ಯಾವುದನ್ನು ಬಿಡುತ್ತೀರಿ? ಬಿಡುವ ಹೆಸರನ್ನು ಬಾಯಿಬಿಟ್ಟು ಹೇಳಿ ಎಂದು ಕೇಳಿ. ಹೇಳಲು ಎದ್ದು ನಿಲ್ಲುವವರು ಬಹಳ ಇರುವುದಿಲ್ಲ.

ಪಾರ್ಕಿನ ಮಾತೂ ಬರಬಹುದು. ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇರುವ ಬಡಾವಣೆಯಲ್ಲಿ ರಸ್ತೆ, ಪಾರ್ಕು ಸಾರ್ವಜನಿಕರ ಆಸ್ತಿ. ಗಿಡಕ್ಕೆ ನೀರು ಹಾಕುತ್ತೇವೆ ಎಂದ ಮಾತ್ರಕ್ಕೆ ಅದು ಸಂಘದ್ದಾಗುವುದಿಲ್ಲ. ರಸ್ತೆಯಲ್ಲಿ ಪೆಂಡಾಲ್ ಹಾಕಲು ಮಹಾನಗರ ಪಾಲಿಕೆ ಮತ್ತು ಪೊಲೀಸರ ಅನುಮತಿ ಬೇಕು. ಗಣಪತಿಗೂ ಬೇಕು, ಕ್ರಿಸ್‌ಮಸ್ ಕ್ಯಾರಲ್‌ಗೂ ಬೇಕು.

ಹಾಗಾದರೆ ಸಂಘ ಏನೂ ಮಾಡಬಾರದೇ? ಮಾಡಬೇಕು. ಹಬ್ಬದಲ್ಲಿ ನಿಜವಾದ ತೊಂದರೆಗಳು ಇರುತ್ತವೆ. ರಾತ್ರಿ ಡಿಜೆ, ಆಂಬುಲೆನ್ಸ್ ಹೋಗದಷ್ಟು ರಸ್ತೆಗೆ ಅಡ್ಡ ನಿಂತ ಪೆಂಡಾಲ್, ಗೇಟಿನ ಮುಂದೆ ಬೈಕು, ಬೆಳಗ್ಗೆ ಬಿದ್ದಿರುವ ಎಲೆ, ಪಟಾಕಿ ಕಸ. ನಿಯಮ ಇವುಗಳ ಬಗ್ಗೆ ಇರಲಿ. ಯಾರು ಹಬ್ಬ ಮಾಡುತ್ತಾರೆ ಎಂಬುದನ್ನು ಪಕ್ಕಕ್ಕಿಟ್ಟು, ಏನು, ಎಲ್ಲಿ, ಎಷ್ಟು ಹೊತ್ತು ಎಂಬುದನ್ನಷ್ಟೇ ಬರೆಯಿರಿ. ಬರೆದ ಮೇಲೆ ಪ್ರತಿ ನಿಯಮವನ್ನೂ ಗಣಪತಿ, ಬಕ್ರೀದ್, ಕ್ರಿಸ್‌ಮಸ್, ಅಂಬೇಡ್ಕರ್ ಜಯಂತಿ ನಾಲ್ಕಕ್ಕೂ ಹಚ್ಚಿ ನೋಡಿ. ಒಂದಕ್ಕೆ ಮಾತ್ರ ಚುಚ್ಚುವಂತಿದ್ದರೆ ಅದನ್ನು ಹೊಡೆದುಹಾಕಿ.

ಉದಾಹರಣೆಗೆ ಸೌಂಡು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಇದಕ್ಕೆ ಅಳತೆ ಇದೆ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಅದನ್ನು ಕೊಡುವುದು ಸರ್ಕಾರ, ನಿಮ್ಮ ಅಧ್ಯಕ್ಷರಲ್ಲ. ಪಟಾಕಿಗೂ ಸುಪ್ರೀಂ ಕೋರ್ಟ್ 2018ರಲ್ಲೇ ಹೊತ್ತು ಗೊತ್ತು ಮಾಡಿತು: ದೀಪಾವಳಿಗೆ ರಾತ್ರಿ 8ರಿಂದ 10, ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ 11:55ರಿಂದ 12:30. ನಿಮ್ಮ ನಿಯಮದಲ್ಲಿ ಈ ಅಂಕಿಗಳನ್ನೇ ಹಾಕಿ. ಆಗ ‘ಸಂಘದವರು ನಮ್ಮ ಹಬ್ಬಕ್ಕೇ ಗಂಟು ಬಿದ್ದರು’ ಎಂದು ಹೇಳಲು ಯಾರಿಗೂ ಬರುವುದಿಲ್ಲ.

ಒಂದು ಸಲಹೆ, ಕಾನೂನಿನ ಹೊರಗಿನದು. ಎಳ್ಳ ಅಮಾವಾಸ್ಯೆಗೆ ನಿಮ್ಮಲ್ಲಿ ಹೊಲ ಇರುವವರೆಲ್ಲ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಚೆಲ್ಲಲು, ಹೋಗುತ್ತಾರೆ. ಹೊಲ ಇಲ್ಲದವರನ್ನು ಊಟಕ್ಕೆ ಕರೆದುಕೊಂಡು ಹೋಗುವುದು ಈ ಸೀಮೆಯ ರೂಢಿ. ಹೊರಗಿನಿಂದ ಬಂದ ಕಿರಾಯಿಯವರಿಗೆ ಬಡಾವಣೆ ಅಂದು ಯಾಕೆ ಭಣಗುಡುತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಆ ಆಸ್ಪತ್ರೆಯ ಕುಟುಂಬವನ್ನು ಯಾರಾದರೂ ಹೊಲಕ್ಕೆ ಕರೆಯಲಿ. ತಕರಾರು ಎತ್ತಿದ ಇಬ್ಬರಲ್ಲಿ ಒಬ್ಬರಿಗೆ ಹೊಲ ಇದ್ದರೆ ಇನ್ನೂ ಚೆಂದ.

ಮಾತು ಮೀರಿ, ಯಾರಿಗಾದರೂ ಮನೆ ಬಿಡಿಸುವ ಬೆದರಿಕೆ ಬಂದರೆ ಅವರಿಗೆ ಈ ದಾರಿ ಹೇಳಿ. ತುರ್ತಿಗೆ 112. ವಕೀಲರ ಸಹಾಯಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ವಕೀಲರ ಸೇವೆ ಉಚಿತ. ಕರಾರು ಪತ್ರ, ಬಾಡಿಗೆ ಕಟ್ಟಿದ ಫೋನ್‌ಪೇ ಲೆಕ್ಕ, ಬೆದರಿಕೆಯ ಮೆಸೇಜುಗಳ ಫೋಟೊ ಇಟ್ಟುಕೊಂಡಿರಲಿ. ಬಾಡಿಗೆಯನ್ನು ನಗದು ಕೊಟ್ಟು ರಸೀದಿ ಕೇಳದವರೇ ಜಾಸ್ತಿ ಒದ್ದಾಡುವುದು.

ಕೊನೆಗೆ ಸಭೆ. ಮೂರು ಠರಾವುಗಳ ಬದಲು ನೀವೇ ಒಂದನ್ನು ಬರೆದುಕೊಂಡು ಹೋಗಿ: ಸೌಂಡಿನ ಹೊತ್ತು, ರಸ್ತೆಯಲ್ಲಿ ಬಿಡಬೇಕಾದ ಜಾಗ, ಕಸ ತೆಗೆಯುವ ಹೊಣೆ, ಪಟ್ಟಿ ಇಷ್ಟವಿದ್ದವರಿಗೆ ಮಾತ್ರ, ಲೆಕ್ಕ ಬೋರ್ಡಿಗೆ. ಹಳೆಯ ಮೂರನ್ನು ಸೂಚಿಸಿದವರೇ ವಾಪಸು ತೆಗೆದುಕೊಂಡರೆ ಪುಸ್ತಕದಲ್ಲಿ ‘ಹಿಂಪಡೆಯಲಾಗಿದೆ’ ಎಂದು ಒಂದು ಸಾಲು ಬರೆದರೆ ಸಾಕು. ಬಾಡಿಗೆದಾರರನ್ನೂ ಕರೆಯಿರಿ. ನಿಮ್ಮ ಬೈಲಾದಲ್ಲಿ ಅವರಿಗೆ ಓಟು ಇಲ್ಲದಿರಬಹುದು, ಕೂತು ಮಾತಾಡಲು ಅಡ್ಡಿ ಏನೂ ಇರುವುದಿಲ್ಲ. ದಿನ ಗೊತ್ತು ಮಾಡುವಾಗ ಎಳ್ಳ ಅಮಾವಾಸ್ಯೆ ಬಿಡಿ, ಡಿಸೆಂಬರ್ 24ರ ಸಂಜೆಯನ್ನೂ ಬಿಡಿ. ಎರಡೂ ದಿನ ಕೋರಂ ಆಗುವುದಿಲ್ಲ.